ಹೊರಗಿನ ಚಿಲಕ

ಚಿಲಕ ನಮ್ಮ ಸುಖಕ್ಕೆ ಹಾಕ್ಸಿರೋದಲ್ಲ ಮೇಡಮ್, ಆಯಮ್ಮನ ಜೀವ ಉಳೀಲಿ ಅಂತ, ಅಂದರು ಜೈನಬ್ ಬೀ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಶಶಿಕಲಾಳ ಕಣ್ಣು ಮಾತ್ರ ಬಾಗಿಲ ಹೊರಮೈಗೆ ಬಡಿದಿದ್ದ ಆ ಚಿಲಕ ಬಿಟ್ಟು ಕದಲಲಿಲ್ಲ — ಹಸಿರು ಬಾಗಿಲು, ಕಬ್ಬಿಣದ ಚಿಲಕ, ದಿನಾ ಎಳೆದೂ ಎಳೆದೂ ತುದಿಯಷ್ಟೇ ಹೊಳೆಯುತ್ತಿದೆ, ಮನೆಯದ್ದೂ ಹೀಗೇ ಹೊಳೆಯುತ್ತೆ, ಥೂ, ಮನೆಯದ್ಯಾಕೆ ಈಗ, ತುಮಕೂರಿಂದ ಸ್ಕೂಟರಿನಲ್ಲಿ ಬಂದಿರುವುದು ಆರೋಗ್ಯ ಇಲಾಖೆಯ ಕೆಲಸಕ್ಕೆ, ಗುಬ್ಬಿಯಲ್ಲಿ ಜೈನಬ್ ಬೀ ನಡೆಸುವ ಈ ಹನ್ನೊಂದು ಹಾಸಿಗೆಯ ಆರೈಕೆ ಮನೆಯ ಲೈಸೆನ್ಸು ಮುಂದುವರಿಯಬೇಕೋ ಬೇಡವೋ ನೋಡಿ ಬರೆಯುವುದಕ್ಕೆ, ಬರೆದದ್ದೆಲ್ಲ ಒಳ್ಳೆಯದೇ, ಮಾತ್ರೆ ಡಬ್ಬಿಗಳ ಮೇಲೆ ಹೆಸರಿನ ಜೊತೆ ಒಬ್ಬೊಬ್ಬರ ಫೋಟೋ, ನಮ್ ಆಯಾಗೆ ಓದಕ್ ಬರಲ್ಲ ಮೇಡಮ್, ಮುಖ ಗುರ್ತು ಹಿಡೀತಾಳೆ, ನೀರಿನ ತೊಟ್ಟಿ ತೊಳೆದ ತಾರೀಖು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಹಲ್ಲಿಲ್ಲದವರಿಗೆ ಬೇರೆ ಮೆತ್ತನೆಯ ಮುದ್ದೆ, ತಪಾಸಣೆ ಹಾಳೆಯ ಹದಿನೇಳು ಸಾಲಿಗೂ ಹೌದು, ಹೌದು, ಹೌದು. ಹದಿನೆಂಟನೆಯದು, ಕೊಠಡಿಯ ಬಾಗಿಲನ್ನು ಒಳಗಿನಿಂದ ತೆರೆಯಬಹುದೇ, ಅಲ್ಲಿ ಪೆನ್ನು ನಿಂತಿದೆ. ಇಲ್ಲ ಅಂತ ಬರೆದರೆ ಲೈಸೆನ್ಸಿಗೆ ತಡೆ, ತಡೆ ಬಿದ್ದು ಮುಚ್ಚಿತೆಂದರೆ ಹನ್ನೊಂದು ಜನರನ್ನೂ ಮನೆಯವರಿಗೆ ಒಪ್ಪಿಸಬೇಕು, ಒಪ್ಪಿಸ್ಕೊಳೋರು ಇದ್ದಿದ್ರೆ ಇಲ್ಲಿಗ್ಯಾಕ್ ಬರ್ತಿದ್ರು ಹೇಳಿ, ಅನ್ನುತ್ತಿದ್ದಾರೆ ಜೈನಬ್ ಬೀ. ಹೌದು ಅಂತ ಬರೆದರೆ ಸುಳ್ಳು, ನಾಳೆ ಅಡುಗೆಮನೆಯಿಂದ ಬೆಂಕಿ ಎದ್ದರೆ ಒಳಗಿರುವ ಮುದುಕಿ ಹಲಗೆ ತಟ್ಟುತ್ತ ನಿಂತಿರುತ್ತಾಳೆ, ತಟ್ಟುತ್ತ — ಬೆಳಿಗ್ಗೆ ಅಪ್ಪ ತಟ್ಟಿದ್ದು ಒಂದೇ ಸಲ.

ಒಳಗಿರೋರು ಹೊಂಬಾಳಮ್ಮ ಅಂತ ಮೇಡಮ್, ಕಡಬದೋರು, ಬೆಳಗಾದ್ರೆ ಕೆರೆಗೆ ನೀರು ಬಂತಾ ನೋಡ್ಕೊಂಬತ್ತೀನಿ ಅಂತ ಹೊರಟ್ಬುಡ್ತಾರೆ, ಹೋದ ತಿಂಗಳು ಹೈವೇ ಮಧ್ಯದಲ್ಲೇ ನಿಂತಿದ್ರು, ಕಾಯಿ ಲಾರಿಯೋನು ಬ್ರೇಕ್ ಒತ್ತಿ, ಇಳಿದು, ಕೈ ಹಿಡ್ಕೊಂಡ್ ತಂದ್ ಬಿಟ್ಟ, ನನಗೂ ಮಂಗಳಾರತಿ ಎತ್ತಿ ಹೋದ, ಅಜ್ಜೀನ ಕಾಯಕ್ ಆಗ್ದಿದ್ರೆ ಕೋಳಿ ಸಾಕವ್ವ ಅಂತ. ಜೈನಬ್ ಬೀ ನಕ್ಕರು, ಶಶಿಕಲಾಗೂ ನಗು ಬಂತು, ಬಂದು ಅರ್ಧಕ್ಕೇ ನಿಂತಿತು, ಅಪ್ಪನನ್ನೂ ಹೀಗೇ ಯಾರೋ ತಂದು ಬಿಟ್ಟಿದ್ದರು, ಕುಣಿಗಲ್ ಬಸ್ ಸ್ಟ್ಯಾಂಡಿನಿಂದ, ಅಪ್ಪ ಅಂದರೆ ಕಂಡಕ್ಟರ್ ಅಂಜನಪ್ಪ, ಅದೇ ರೂಟಿನಲ್ಲಿ ಮೂವತ್ತೊಂದು ವರ್ಷ, ನಿವೃತ್ತಿಯಾಗಿ ಹದಿನಾರು ವರ್ಷದ ಮೇಲೆ ಖಾಕಿ ಅಂಗಿ ತೊಟ್ಟು, ನಿಂತಿದ್ದ ಬಸ್ಸು ಹತ್ತಿ ಟಿಕೇಟ್ ಟಿಕೇಟ್ ಅಂದರಂತೆ, ಜನ ತೋರಿಸಿದರಂತೆ ಕೂಡ, ಪಾಪ. ಸೀಟಿ ಊದುವುದಕ್ಕಿಂತ ಬಸ್ಸಿನ ಮೈಗೆ ತಟ್ಟುವುದೇ ಅವರಿಗೆ ಇಷ್ಟ, ಎರಡು ತಟ್ಟಿದರೆ ಹೊರಡು, ಒಂದು ತಟ್ಟಿದರೆ ನಿಲ್ಲಿಸು, ಹಿಂದಿನ ಸೀಟಿನಲ್ಲಿ ಕೂತ ಪುಟ್ಟ ಶಶಿಯೂ ತಟ್ಟಿಬಿಟ್ಟರೆ, ಡ್ರೈವರ್ ಗುಂಡಯ್ಯ ತಿರುಗಿ, ಏನ್ ಅಂಜ್ನಪ್ಪ, ಇವತ್ತು ನಮ್ ಗಾಡೀಗೆ ಇಬ್ರು ಕಂಡಕ್ಟ್ರಾ. ಮೂರನೇ ಸಲ ಕಳೆದುಹೋದ ಮೇಲೆಯೇ ಅವಳು ಚಿಲಕ ತಂದದ್ದು, ಅಪ್ಪ ಬಡಗಿಗೆ ಮೊಳೆ ಎತ್ತಿಕೊಟ್ಟರು, ಯಾತಕ್ಕೆಂದು ಕೇಳಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಸೈಮಾ ತೆಗೆದು ಊಟ ಕೊಟ್ಟು, ಹತ್ತು ನಿಮಿಷ ಮಾತಾಡಿಸಿ ಮತ್ತೆ ಹಾಕುತ್ತಾಳೆ, ಸಂಜೆ ಆರಕ್ಕೆ ಶಶಿಕಲಾ ತೆಗೆಯುತ್ತಾಳೆ, ಬೆಳಿಗ್ಗೆ ಅವಳು ಚಿಲಕ ಎಳೆದ ಕೂಡಲೇ ಒಳಗಿನಿಂದ ಅಪ್ಪ ಎರಡು ಸಲ ತಟ್ಟುತ್ತಾರೆ, ರೈಟ್, ಹೋಗಿ ಬಾ, ದಿನಾ ಎರಡು, ಇವತ್ತು ಒಂದು, ಅವಳಿಗೆ ಸರಿಯಾಗಿಯೇ ಕೇಳಿಸಿತ್ತು, ಸ್ಕೂಟರ್ ಕೀ ಹಿಡಿದು ನಿಂತಳು, ಇನ್ನೊಂದು ಬರುತ್ತೆ ಅಂತ, ಗಂಟೆ ಒಂಬತ್ತಾಗಿತ್ತು, ಬರಲಿಲ್ಲ, ಸ್ಕೂಟರ್ ಸ್ಟಾರ್ಟ್ ಮಾಡಿದಳು.

ನಿಮ್ಮನೇಲಿ ವಯಸ್ಸಾದೋರು ಇದಾರಾ ಮೇಡಮ್, ಅಂದರು ಜೈನಬ್ ಬೀ. ಅಪ್ಪ ಇದಾರೆ. ಹಗಲೊತ್ತು ಯಾರ್ ನೋಡ್ಕೊತಾರೆ. ಪಕ್ಕದ ಮನೆಯೋರು, ಅಂದಳು, ಸುಳ್ಳಲ್ಲ, ಹತ್ತು ನಿಮಿಷದಷ್ಟು ನಿಜ, ಜೈನಬ್ ಬೀ ತಲೆದೂಗಿದರು, ಪುಣ್ಯವಂತ್ರು, ಅಂದರು, ಆ ಮಾತು ಬೆನ್ನಿಗೆ ಅಂಟಿದಂತಾಗಿ ಅವಳು ಚಿಲಕ ಸರಿಸಿದಳು, ನಾನ್ ಒಳಗ್ ಹೋಗ್ತೀನಿ, ನೀವು ಹೊರಗಡೆಯಿಂದ ಹಾಕಿ, ಒಳಗೆ ನಿಂತೇ ನೋಡ್ಬೇಕು ಅಂತ ರೂಲ್ಸ್ ಇದೆ. ಇದೆ ನಿಜ, ಯಾರೂ ಮಾಡುವುದಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಅವಳೂ ಮಾಡಿಲ್ಲ, ಎಲ್ಲ ಪಡಸಾಲೆಯಲ್ಲೇ ನಿಂತು ಟಿಕ್ ಹಾಕುವವರೇ. ಅಯ್ಯೋ ನಿಮ್ಮನ್ನ ಹೆಂಗ್ ಹಾಕಲಿ ಮೇಡಮ್. ಹಾಕಿ. ಚಿಲಕ ಕಿರುಗುಟ್ಟಿ ಕೂತುಕೊಂಡಿತು, ಒಳಗಿನಿಂದ ಆ ಸದ್ದೇ ಬೇರೆ, ಹೊರಗಿನಿಂದ ಕೇಳುವಾಗ ಹೀಗಿರುವುದಿಲ್ಲ, ಕಿಟಕಿಯ ಬೆಳಕು, ಒಗೆದ ಹಾಸಿಗೆಯ ವಾಸನೆ, ಎಲ್ಲ ಚೊಕ್ಕಟ, ಯಾವ ತಪ್ಪೂ ಇಲ್ಲ, ಮಂಚದ ಮೇಲೆ ಹೊಂಬಾಳಮ್ಮ, ಬೋಳು ಕಿವಿ, ಮಡಿಲಲ್ಲಿ ಕೈ, ಇವಳನ್ನು ಮೇಲಿಂದ ಕೆಳಗೆ ನೋಡಿ, ನಿನ್ನೂ ಕೂಡಾಕಿದ್ರೇನವ್ವ, ಅಂದರು, ಗದ್ದಲವಿಲ್ಲದೆ, ಮಳೆ ಬಂತೇನವ್ವ ಅಂದ ಹಾಗೆ. ಇಲ್ಲಜ್ಜಿ, ನಾನು ಚೆಕ್ ಮಾಡಕ್ ಬಂದೋಳು. ಹೂಂ, ಎಲ್ರೂ ಹಂಗೇ ಅಂತಾರೆ, ಬಾ ಕುತ್ಕೋ, ತಟ್ಬ್ಯಾಡ, ಕೈ ನೋಯ್ತದೆ, ಸಂಜೀಕೆ ಅವ್ರೇ ತೆಗೀತಾರೆ.

ಆಗ ಕಂಡದ್ದು, ಬಾಗಿಲ ಒಳಮೈ, ಎದೆಯ ಎತ್ತರದಲ್ಲಿ ಹಸಿರು ಬಣ್ಣ ಸವೆದು ಮರ ಬಿಳಿಚಿಕೊಂಡ ಜಾಗ, ಒಂದು ಅಂಗೈಯ ಅಗಲ, ತನ್ನ ಮನೆಯ ಬಾಗಿಲ ಒಳಮೈಯನ್ನು, ಬಾಗಿಲು ಹಾಕಿರುವಾಗ, ಅವಳು ಎಂದೂ ನೋಡಿಲ್ಲ, ತೆರೆದರೆ ಅದು ಗೋಡೆಗೆ ಆನುತ್ತೆ, ಅಲ್ಲೂ ಇರಬಹುದು, ಇದೆ, ಖಾಕಿ ತೋಳಿನ ಎತ್ತರಕ್ಕೆ. ಹಾಳೆಯನ್ನು ಬಾಗಿಲಿಗೇ ಒತ್ತಿ ಹಿಡಿದು ಹದಿನೆಂಟನೇ ಸಾಲಿನಲ್ಲಿ ಇಲ್ಲ ಅಂತ ಬರೆದಳು, ಕೆಳಗೆ ಸಣ್ಣ ಅಕ್ಷರದಲ್ಲಿ, ಉಳಿದೆಲ್ಲ ಸರಿಯಿದೆ, ಚಿಲಕ ತೆಗೆದು ಬಾಗಿಲಿಗೆ ಗಂಟೆ ಕಟ್ಟಲು ಹದಿನೈದು ದಿನ ಕೊಡಬಹುದು, ಅಲ್ಲಿಯವರೆಗೆ ತಡೆ ಬೇಡ, ನಾನೇ ಬಂದು ನೋಡುವೆ, ಗಂಟೆ ಕಟ್ಟಿದರೆ ಕೇಳಿಸಿಕೊಳ್ಳಲು ಜೈನಬ್ ಬೀ ಇದ್ದಾರೆ, ತನ್ನ ಮನೆಯಲ್ಲಿ ಕಟ್ಟಿದರೆ ಯಾರಿದ್ದಾರೆ, ಇಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಇದೆಯೇ, ಕೇಳಬಹುದೇ, ಯಾವ ಬಾಯಲ್ಲಿ. ಆಯ್ತಾ ಮೇಡಮ್, ತೆಗೀಲಾ, ಹೊರಗಿನಿಂದ ಜೈನಬ್ ಬೀ. ಬಿಳಿಚಿದ ಆ ಜಾಗದ ಮೇಲೆ ಅವಳ ಗೆಣ್ಣು ತಾಕಿತು, ಒಂದು ಸಲ, ಎರಡನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು.