ನಿಂಬೆಹಣ್ಣಿನ ಒಳಗಿನ ಬೆರಳು

ಉಗುರುಸುತ್ತು ಯಾರ ಮನೆಗೆ ಬಂದಿಲ್ಲ ಹೇಳಿ? ಉಗುರಿನ ಪಕ್ಕ ಕೆಂಪಗಾಗುತ್ತದೆ, ಊದಿಕೊಳ್ಳುತ್ತದೆ, ಮಲಗಿದರೆ ನಿದ್ದೆ ಬಾರದ ಹಾಗೆ ನೋಯುತ್ತದೆ. ನಾವು ಒಂದು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿ, ಆಯಿತು ವೈದ್ಯ ಎಂದು ಕೈ ತೊಳೆದುಕೊಳ್ಳುತ್ತೇವೆ. ಅರಕೆರೆಯ ಚಲುವಯ್ಯನ ಮನೆಯಲ್ಲೂ ಅದನ್ನೇ ಮಾಡಿದ್ದರು. ಅದೂ ಮದುವೆಗೆ ಮೂರೇ ದಿನ ಇರುವಾಗ, ಮದುವಣಗಿತ್ತಿಯ ಬೆರಳಿಗೆ.

ಆವತ್ತು ಬೆಳಿಗ್ಗೆ ಗಂಜಾಂನಿಂದ ಭೂಮಿಕ ಸ್ಕೂಟಿಯಲ್ಲಿ ಬಂದಳು. ಅಕ್ಕಸಾಲಿ ರಾಮಚಂದ್ರನ ಮಗಳು. ಉಗುರಿನ ಆರೈಕೆ, ಅಲಂಕಾರ ಎರಡನ್ನೂ ಮೈಸೂರಿನಲ್ಲಿ ಕಲಿತು, ಸರ್ಟಿಫಿಕೇಟು ಕೈಗೆ ಬಂದು ಹದಿನೈದು ದಿನವಾಗಿತ್ತು. ಅಂಗಡಿ ಗಿಂಗಡಿ ಇಲ್ಲ, ಕರೆದವರ ಮನೆಗೇ ಹೋಗಿ ಮಾಡುವ ಕೆಲಸ. ಇದು ಅವಳ ಮೊದಲ ಮದುವೆಮನೆ. ಇಲ್ಲಿ ಒಳ್ಳೆಯ ಹೆಸರು ಬಂದರೆ ಇನ್ನೂ ನಾಲ್ಕು ಮನೆಯವರು ಕರೆಯುತ್ತಾರೆ, ಕೆಟ್ಟರೆ ಈ ಕಡೆ ತಲೆಹಾಕುವ ಹಾಗಿಲ್ಲ. "ಅಕ್ಕಸಾಲಿ ಮಗ್ಳು ಕಂಡೋರ ಕಾಲುಗುರು ಹಿಡಿಯಾಕೆ ಹೊಂಟವ್ಳೆ" ಎಂದು ಬೀದಿಯಲ್ಲಿ ಆಡಿಕೊಳ್ಳುವವರು ಆಗಲೇ ಇದ್ದರು. ದುಡಿದು ತಿನ್ನುವ ಹುಡುಗಿಯನ್ನು ಕಂಡರೆ ನಗುವ ಬಾಯಿಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಭೂಮಿಕ ಮೊದಲು ಸೋಪು ಹಾಕಿ ಕೈ ತೊಳೆದಳು. ಶುದ್ಧ ಮಾಡಿ ಪ್ಯಾಕೆಟ್ಟಿನಲ್ಲಿ ಮುಚ್ಚಿಟ್ಟಿದ್ದ ಕತ್ತರಿ, ಕಟರು ತೆಗೆದಳು. ಉಗುರು ಉಜ್ಜುವ ಪಟ್ಟಿ ಹೊಸದು, ಇನ್ನೂ ಯಾರ ಬೆರಳಿಗೂ ತಾಗದ್ದು. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಅಜ್ಜಿ ಮಾದಮ್ಮನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು.

"ಇದೇನಮ್ಮಿ, ಬಣ್ಣ ಬಳಿಯಾಕ್ ಬಂದಿದ್ದೀಯೋ, ಆಪರೇಸನ್ ಮಾಡಾಕ್ ಬಂದಿದ್ದೀಯೋ?"

"ಒಬ್ರ ಕೈದು ಇನ್ನೊಬ್ರಿಗೆ ಅಂಟಬಾರ್ದಲ್ಲ ಅಜ್ಜಿ" ಎಂದು ಭೂಮಿಕ ನಕ್ಕಳು.

ಚಲುವಯ್ಯನ ಮಗಳು, ಮದುವಣಗಿತ್ತಿ ಮೇಘನ ಬಂದು ಕೂತಳು. ಹಿಂದಿನ ದಿನವಷ್ಟೇ ಅರಿಶಿನ ಶಾಸ್ತ್ರವಾಗಿ ಮುಖ, ಕೈ ಎಲ್ಲ ಹಳದಿ. ಎಡಗೈ ಮುಂದೆ ಚಾಚಿದಳು, ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಳು.

"ಆ ಕೈ ಕೊಡಕ್ಕ."

ಸೆರಗಿನಿಂದ ಹೊರಬಂದದ್ದು ನಿಂಬೆಹಣ್ಣು. ಭೂಮಿಕ ಮೆಲ್ಲಗೆ ಅದನ್ನು ಎಳೆದಳು. ಮೇಘನ ತುಟಿ ಕಚ್ಚಿಕೊಂಡಳು. ಉಂಗುರದ ಬೆರಳು ಬದನೆಕಾಯಿಯಂತೆ ಊದಿತ್ತು. ಉಗುರಿನ ಬುಡದಲ್ಲಿ ಕೀವು ತುಂಬಿತ್ತು, ಅಲ್ಲಿಂದ ಒಂದು ಕೆಂಪು ಗೆರೆ ಮಣಿಕಟ್ಟಿನವರೆಗೂ ಹತ್ತಿತ್ತು. ಕೈ ಮುಟ್ಟಿದರೆ ಸುಡುತ್ತಿತ್ತು.

"ಯಾವಾಗಿಂದ ಇದು?"

"ಒಂದು ವಾರ ಆಯ್ತು. ನಮ್ಮತ್ತೆ ಮಗಳ ಸೀಮಂತಕ್ಕೆ ಯಾರೋ ಒಬ್ರು ಉಗುರು ಮಾಡಾಕೆ ಬಂದಿದ್ರು. ಒಂದೇ ಕತ್ತರೀಲಿ ಒಂಬತ್ತು ಜನುಕ್ಕೆ ಮಾಡುದ್ರು. ನಂದು ಚರ್ಮ ಕಿತ್ತೋಗಿ ರಕ್ತ ಬಂತು."

ಒಂಬತ್ತು ಜನರಿಗೆ ಒಂದೇ ಕತ್ತರಿ! ನಡುವೆ ಒಂದು ಸಲ ತೊಳೆಯಬೇಕೆಂದು ಅವರಿಗೂ ಅನ್ನಿಸಲಿಲ್ಲ, ಕೈ ಕೊಟ್ಟ ಒಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಭೂಮಿಕಳಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಚಲುವಯ್ಯ ಒಳಗೆ ಬಂದ. "ಅದುಕ್ಕೆ ಕಣವ್ವ ನಿನ್ನ ಕರ್ಸಿರೋದು. ಮ್ಯಾಲೆ ಒಂದು ಪಿಲಾಸ್ಟಿಕ್ ಉಗುರು ಅಂಟ್ಸ್‌ಬುಡು. ಫೋಟೋದಲ್ಲಿ ಕಾಣ್ದಂಗಿದ್ರೆ ಸಾಕು."

"ಅಂಟ್ಸಲ್ಲ ಅಣ್ಣ. ಮುಚ್ಚುದ್ರೆ ಕೀವು ಒಳಗೇ ಕೊಳೆಯುತ್ತೆ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ."

ಮಾದಮ್ಮನ ಎಲೆ ಅಡಿಕೆ ಬಾಯಲ್ಲೇ ನಿಂತಿತು. "ಅರಿಸಿನ ಹಚ್ಚಿದ್ ಮ್ಯಾಲೆ ಎಣ್ಣು ಹೊಸ್ಲು ದಾಟಾದುಂಟಾ? ಉಗುರಲ್ಲಿ ಓಗೋದುಕ್ಕೆ ಕೊಡ್ಲಿ ತಕ್ಕಂಡ್ರಂತೆ. ನೀನೇನು ಡಾಕ್ಟ್ರೇನಮ್ಮಿ? ಉಗುರು ಕತ್ರಿಸೋಳು!"

"ಹೇಳ್ದಷ್ಟು ಮಾಡು. ಇಲ್ಲಾಂದ್ರೆ ಬ್ಯಾಗ್ ಎತ್ಕೊ, ಬ್ಯಾರೆಯವ್ರು ಸಿಗ್ತಾರೆ" ಎಂದ ಚಲುವಯ್ಯ.

ಬೇರೆಯವರು ಸಿಗುತ್ತಾರೆ, ನಿಜ. ಆ ಒಂಬತ್ತು ಜನರ ಕತ್ತರಿಯೇ ಮತ್ತೆ ಬರುತ್ತದೆ. ಭೂಮಿಕ ಬ್ಯಾಗು ಎತ್ತಿಕೊಂಡಳು, ಆದರೆ ಸ್ಕೂಟಿಯ ಕಡೆ ಹೋಗಲಿಲ್ಲ. ಹೊರಗೆ ಹೋಗಿ ಜಗಲಿಯ ಮೇಲೆ ಕೂತುಬಿಟ್ಟಳು.

"ಹೌದಜ್ಜಿ, ನಾನು ಉಗುರು ಕತ್ತರಿಸೋಳೇ. ಕತ್ತರಿಸೋಳು ಆಗಿರೋದ್ರಿಂದ್ಲೇ ಹೇಳ್ತಿರೋದು. ನೀವು ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೊರಡೋವರ್ಗೂ ನಾನು ಇಲ್ಲಿಂದ ಏಳಲ್ಲ. ಊರೆಲ್ಲ ಬಂದು ಯಾಕೆ ಅಂತ ಕೇಳ್ಲಿ."

ಊರೆಲ್ಲ ಬರಲಿಲ್ಲ, ಪಕ್ಕದ ಮನೆಯ ಪುಟ್ಟಗೌರಮ್ಮ ಬಂದಳು. ಅವಳು ಊರಿನ ಆಶಾ ಕಾರ್ಯಕರ್ತೆ. ಒಳಗೆ ಹೋಗಿ ಮೇಘನಳ ಕೈ ನೋಡಿದವಳೇ ಮಾದಮ್ಮನ ಕಡೆ ತಿರುಗಿದಳು.

"ದೊಡ್ಡವ್ವ, ಇದು ಉಗುರಲ್ಲಿ ಓಗೋ ಕಾಲ ಮುಗುದೋಗೈತೆ. ನಂಜು ಕೈಗೆ ಏರೈತೆ, ಜ್ವರಾನೂ ಬಂದೈತೆ. ಇನ್ನೂ ಸುಮ್ಕಿದ್ರೆ ಬೆರಳನ್ನೇ ತೆಗೀಬೇಕಾಯ್ತದೆ."

"ಶಾಸ್ತ್ರ ಕಣವ್ವ..." ಮಾದಮ್ಮನ ದನಿ ಇಳಿಯಿತು.

ಆಗ ಮೇಘನ ಅತ್ತುಬಿಟ್ಟಳು. "ಅಜ್ಜಿ, ಮೂರು ದಿವ್ಸದಿಂದ ನಂಗೆ ನಿದ್ದೆ ಇಲ್ಲ. ನೋಯ್ತದೆ ಅಂದ್ರೆ ಮದ್ವೆ ಮನೇಲಿ ಅಳಬ್ಯಾಡ ಅಂದ್ರಿ. ನಾನ್ ಅಳ್ಳಿಲ್ಲ. ಹಲ್ಲು ಕಚ್ಕೊಂಡಿದ್ದೀನಿ. ಇನ್ನ ಆಗಲ್ಲ."

ಮನೆ ತುಂಬ ನೆಂಟರು. ಅವಳ ಸೀರೆಗೆ, ಸರಕ್ಕೆ, ಜಡೆಗೆ ಹತ್ತು ಸಲ ಕೈ ಹಾಕಿ ನೋಡಿದವರು. ಬೆರಳನ್ನು ಮಾತ್ರ ಯಾರೂ ನೋಡಿರಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಚಲುವಯ್ಯ ತಲೆ ತಗ್ಗಿಸಿದ. ಮಾದಮ್ಮ ಎದ್ದು ಬಂದು ಮೊಮ್ಮಗಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ನೋಡಿದಳು.

"ಎಣ್ಣು ಚೆಂದಾಗಿರ್ಲಿ ಅಂತ ತಾನೆ ಅರಿಸಿನ ಹಚ್ಚಾದು" ಎಂದಳು. "ನಡಿಯಮ್ಮಿ, ನಾನೇ ಹೊಸ್ಲು ದಾಟುಸ್ತೀನಿ. ಲೇ ಚಲುವಾ, ಕಾರ್ ತಗಿ!"

ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಕೀವು ತೆಗೆದು, ಬ್ಯಾಂಡೇಜು ಕಟ್ಟಿ, ಮಾತ್ರೆ ಕೊಟ್ಟರು. "ಮದುವೆ ಮುಗಿಸಿಕೊಂಡು ಬಂದಿದ್ದರೆ ಮೂಳೆಗೆ ಇಳಿದಿರುತ್ತಿತ್ತು" ಎಂದರು ಡಾಕ್ಟರಮ್ಮ. ಮಾತ್ರೆ ಹಿಡಿಯಿತು, ಜ್ವರ ಬಿಟ್ಟಿತು. ಮದುವೆಯ ಹಿಂದಿನ ದಿನ ಚಲುವಯ್ಯನೇ ಫೋನು ಮಾಡಿ ಭೂಮಿಕಳನ್ನು ಕರೆದ. ಅವಳು ಒಂಬತ್ತು ಬೆರಳಿಗೆ ಬಣ್ಣ ಹಾಕಿದಳು, ಹತ್ತನೆಯದನ್ನು ಮುಟ್ಟಲಿಲ್ಲ.

ಧಾರೆಯ ಹೊತ್ತಿನಲ್ಲಿ ಗಂಡಿನ ಕಡೆಯ ಹೆಂಗಸೊಬ್ಬಳು ಆ ಬಿಳಿ ಪಟ್ಟಿ ಕಂಡು ಮೂಗು ಮುರಿದಳು. "ಇದೇನು, ಎಣ್ಣಿನ ಕೈ ಇಂಗೈತೆ?"

ಮಾದಮ್ಮ ಬಿಡುವವಳೇ? "ಉಂಗ್ರ ತೊಡಾಕೆ ಬೆರಳು ಉಳುದೈತಲ್ಲ, ಅದ ನೋಡವ್ವ! ಉಳ್ಸಿದೋಳು ಅಲ್ಲಿ ಊಟಕ್ಕೆ ಕುಂತವ್ಳೆ. ನಿನ್ನ ಮಗಳ ಮದ್ವೆಗೂ ಅವ್ಳನ್ನೇ ಕರ್ಸು."

ಅಕ್ಕ ತಂಗಿಯರೇ, ಅಮ್ಮಂದಿರೇ, ನಿಮ್ಮ ಮನೆಗೆ ಉಗುರು ಮಾಡಲು ಯಾರೇ ಬರಲಿ, ಮೊದಲು ಬಾಯಿಬಿಟ್ಟು ಕೇಳಿ: ಕೈ ತೊಳೆದೆಯಾ? ಕತ್ತರಿ ಶುದ್ಧ ಮಾಡಿದೆಯಾ? ಉಗುರು ಉಜ್ಜುವ ಪಟ್ಟಿ ಹೊಸದಾ? ಹೀಗೆ ಕೇಳಿದರೆ ಸಿಟ್ಟಾಗುವವರ ಕೈಗೆ ನಿಮ್ಮ ಬೆರಳು ಕೊಡಬೇಡಿ. ಉಗುರಿನ ಬುಡದ ಚರ್ಮ ಕೀಳಲು ಬಿಡಬೇಡಿ. ಮನೆಗೆಲ್ಲ ಒಂದೇ ನೇಲ್ ಕಟರು ಇದ್ದರೆ ಇವತ್ತೇ ಬೇರೆ ಬೇರೆ ಮಾಡಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಿ. ಊದಿದ ಬೆರಳಿಗೆ ನಿಂಬೆಹಣ್ಣೂ ಬೇಡ, ಮೇಲೆ ಅಂಟಿಸಿದ ಉಗುರೂ ಬೇಡ, ಆಸ್ಪತ್ರೆಗೆ ಹೋಗಿ. ಮನೆಯ ಹೆಣ್ಣುಮಗಳು ನೋಯುತ್ತದೆ ಎಂದರೆ ಅಳಬೇಡ ಎನ್ನಬೇಡಿ, ಎಲ್ಲಿ ತೋರಿಸು ಎನ್ನಿ.