ನೆತ್ತಿಯ ಚುಕ್ಕಿ

"ನೆತ್ತಿ ಮ್ಯಾಲೆ ಬಿಳಿ ಚುಕ್ಕಿ ಇದ್ದಾವಲ್ಲ ಅತ್ತಿಗಿ, ಅವನ್ನಷ್ಟ ಆರಿಸಿಕೊಡು. ಬರೇ ಕರೇವು ನನಗ ಬ್ಯಾಡ."

ದುರ್ಗಮ್ಮ ಮಾರಾಟದ ಕೋಳಿಮರಿಗಳ ಬುಟ್ಟಿಯೊಳಗಿಟ್ಟಿದ್ದ ಕೈಯನ್ನು ಹಾಗೇ ನಿಲ್ಲಿಸಿ ಮೈದುನನ ಮುಖ ನೋಡಿದಳು. ನಾಲ್ಕು ವರ್ಷದ ಮೇಲೆ ಚೌಡ ಅವಳ ಬಾಗಿಲಿಗೆ ಬಂದಿದ್ದ. ಗಂಡ ತೀರಿಕೊಂಡ ತಿಂಗಳೊಳಗೇ ದಾಸನಕೊಪ್ಪದ ಹಿರಿಯರನ್ನು ಕೂಡಿಸಿ, "ಮೂರೂ ಹೆಣ್ಣ ಹಡದಾಳ. ಇವಳಿಗ್ಯಾಕ ಹೊಲ?" ಎಂದು ಅವಳ ಪಾಲನ್ನು ನುಂಗಿದವನು ಇವನೇ. ಅಂದು ಮೂರು ಮಕ್ಕಳೂ ಅವಳ ಸೆರಗು ಹಿಡಿದು ಅಲ್ಲೇ ನಿಂತಿದ್ದವು.

"ಚುಕ್ಕಿ ಇದ್ದಾವ ಯಾಕ?" ಎಂದಳು.

"ಅವು ತಾಯಿನ್ನ ಹೋಲತಾವ. ನಿನ್ನ ಪಟ್ಟೆ ಕೋಳಿ ಹಂಗ ತತ್ತಿ ಇಡತಾವ. ನನಗೇನೂ ತಿಳಿಯೂದಿಲ್ಲ ಅಂತ ಮಾಡೀಯೇನು?"

ಪಟ್ಟೆ ಹೇಂಟೆಗೆ ಕೆಂಪು ಹುಂಜ ಕೂಡಿಸಿದರೆ ಮರಿಗಳೆಲ್ಲ ಕಪ್ಪಗೇ ಹುಟ್ಟುತ್ತವೆ. ಆದರೆ ತಾಯಿಯ ಪಟ್ಟೆ ಇಳಿಯುವುದು ಗಂಡುಮರಿಗಳಿಗೆ ಮಾತ್ರ. ನೆತ್ತಿಯ ಚುಕ್ಕಿಯೇ ಅದರ ಗುರುತು. ಹೆಣ್ಣಿಗೆ ಚುಕ್ಕಿಯಿಲ್ಲ. ಶಿರಸಿಯ ಕೋಳಿ ಸಾಕಣೆ ತರಬೇತಿಯಲ್ಲಿ ಕೇಳಿದ್ದನ್ನು ದುರ್ಗಮ್ಮ ಎರಡು ವರ್ಷ ಮರಿ ಬೆಳೆಸಿ ಕಣ್ಣಾರೆ ಕಂಡಿದ್ದಳು. ಇವನಿಗೆ ಹೇಳಲು ಒಂದು ಮಾತು ಸಾಕಿತ್ತು.

"ಆತು, ಚುಕ್ಕಿ ಇದ್ದಾವನ್ನ ಒಯ್ಯಿ," ಎಂದಳು. ಒಂದೊಂದನ್ನೇ ಬೆಳಕಿಗೆ ಹಿಡಿದು, ನೆತ್ತಿ ನೋಡಿ, ಅರವತ್ತು ಮರಿ ಆರಿಸಿದಳು. ಒಂದೂ ತಪ್ಪಲಿಲ್ಲ.

ಆಮೇಲೆ ಕಾದಳು. ನಾಲ್ಕೈದು ತಿಂಗಳಿಗೆ ಚೌಡನ ಹಿತ್ತಲಿನಿಂದ ಮೊದಲ ಕೂಗು ಕೇಳಿದ ಬೆಳಿಗ್ಗೆ, ಒಲೆಯ ಮುಂದೆ ಕೂತಲ್ಲೇ ನಕ್ಕಳು. ವಾರ ಕಳೆಯುವುದರೊಳಗೆ ಅಲ್ಲಿ ಕೂಗೋ ಕೂಗು. ಹುಂಜಗಳು ಒಂದನ್ನೊಂದು ಕುಕ್ಕಿ ರಕ್ತ ಮಾಡಿಕೊಂಡವು. ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಜನ ಚೌಡನನ್ನು ಕರೆದು ಕರೆದು ತತ್ತಿ ಕೇಳತೊಡಗಿದರು.

ಜಗಳಕ್ಕೆ ಅವನು ಬಂದೇ ಬರುತ್ತಾನೆಂದು ದುರ್ಗಮ್ಮ ಕಾಯುತ್ತಿದ್ದಳು. ಬಂದವಳು ಅವನ ಹೆಂಡತಿ ಮಂಜಿ.

"ಅಕ್ಕಾ, ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು. ಅವ ಕೇಳಿದ್ದನ್ನ ಕೊಟ್ಟೇನಿ. ಗಂಡುಸಂತಾನ ಅಂದ್ರ ಭಾಳ ಪ್ರೀತಿ ಅಲ್ಲ ಅವಗ?"

ಇಷ್ಟು ದಿನ ಬಾಯೊಳಗೇ ಇಟ್ಟುಕೊಂಡಿದ್ದ ಮಾತು ಅದು. ಕೇಳಬೇಕಾದವನು ಎದುರಿಗಿರಲಿಲ್ಲ.

"ಮರಿ ತರಾಕ ನನ್ನ ಕಿವ್ಯಾಗಿನ ಬೆಂಡವಾಲಿ ಒತ್ತಿ ಇಟ್ಟಿದ್ದ," ಎಂದಳು ಮಂಜಿ. "ತತ್ತಿ ಇಡಾಕ ಹತ್ತಿದ ಮ್ಯಾಲೆ ಬಿಡಿಸಿ ಕೊಡತೇನಿ ಅಂದಿದ್ದ."

ಮಂಜಿ ತಿರುಗಿ ನಡೆದಳು. ತೂತು ಮುಚ್ಚದಿರಲೆಂದು ಅವಳ ಎರಡೂ ಕಿವಿಗಳಿಗೆ ಕಸಬರಿಗೆ ಕಡ್ಡಿಯ ಚೂರು ಸಿಕ್ಕಿಸಿತ್ತು.