‘ಕೇಳುತ್ತದೆ’ ಎಂದು ಬರೆಸಿದವರು

ನಾವುಂದದ ಜಲಜಳಿಗೆ ಅರವತ್ತಮೂರು ವರ್ಷ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ತನ್ನ ಕಿವಿ ಮಂದವಾಗುತ್ತಿರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಅತ್ತೆ ಸೀತುವಿಗೂ ಹೀಗೇ ಆಗಿತ್ತು. ಕೊನೆಯ ಆರು ವರ್ಷ ಮನೆಯವರು ಆಕೆಯನ್ನು ಮಾತನಾಡಿಸದೆ ಮೂಲೆಯಲ್ಲಿ ಕೂರಿಸಿಬಿಟ್ಟಿದ್ದರು. ಹಾಗೆ ಕೂರಿಸಿದವರಲ್ಲಿ ಜಲಜಳೂ ಒಬ್ಬಳು. ಗೊತ್ತಾದರೆ ತನ್ನನ್ನೂ ಹಾಗೇ ಕೂರಿಸುತ್ತಾರೆ ಎಂದು ಅವಳಿಗೆ ಭಯ.

2011ರ ಮಳೆಗಾಲ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಶ್ರೀಲತಾ ಅರವತ್ತು ದಾಟಿದವರ ಕಿವಿ ಪರೀಕ್ಷೆಗೆಂದು ಎಲ್ಲರನ್ನೂ ಶಾಲೆಗೆ ಕರೆದಳು. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗ ಕೈ ಎತ್ತಬೇಕು. ಜಲಜ ಶ್ರೀಲತಾಳ ಬೆರಳು ಗುಂಡಿ ಒತ್ತುವುದನ್ನು ಕಂಡು ಕಂಡು ಕೈ ಎತ್ತಿದಳು. ಪಟ್ಟಿಯಲ್ಲಿ ‘ಕೇಳುತ್ತದೆ’ ಎಂದು ಬಿತ್ತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಅವಳು ನಾಲ್ಕು ವರ್ಷದ ಮೊಮ್ಮಗಳು ಶ್ರಾವ್ಯಳನ್ನು ಅಂಗನವಾಡಿಗೆ ಬಿಡಲು ಹೊರಟಳು. ರೈಲು ಹಳಿ ದಾಟಬೇಕಿತ್ತು. ಹಳಿ ದಾಟಿ ನಾಲ್ಕು ಹೆಜ್ಜೆ ಇಟ್ಟಾಗ ಕಾಲಡಿಯ ನೆಲ ನಡುಗಿತು. ತಿರುಗಿದರೆ ಗೂಡ್ಸ್ ರೈಲು ಮುಖಕ್ಕೆ ಗಾಳಿ ಹೊಡೆಯುತ್ತ ಓಡುತ್ತಿತ್ತು. ಪಕ್ಕದಲ್ಲಿ ಮಗು ಇರಲಿಲ್ಲ.

ಡಬ್ಬಿ, ಮತ್ತೊಂದು ಡಬ್ಬಿ, ಇನ್ನೂ ಒಂದು. ಮುಗಿಯಲೇ ಇಲ್ಲ. ಜಲಜ ಬಗ್ಗಿ ಚಕ್ರಗಳ ಸಂದಿಯಲ್ಲಿ ಕೆಂಪು ಲಂಗವನ್ನು ಹುಡುಕಿದಳು. ಕಾಣಲಿಲ್ಲ. ಕೂಗಿದಳು, ತನ್ನ ಕೂಗೂ ಸರಿಯಾಗಿ ಕೇಳಲಿಲ್ಲ.

ಕೊನೆಯ ಡಬ್ಬಿ ಹೋಯಿತು. ಆಚೆ ಜಲ್ಲಿಯ ರಾಶಿಯ ಪಕ್ಕ ಶ್ರಾವ್ಯ ಅಳುತ್ತ ನಿಂತಿದ್ದಳು.

“ರೈಲ್ ಬತ್ತ್ ಅಂತ ಕೂಗ್ದೆ ಅಜ್ಜಿ. ನಿಂಗೆ ಕೇಂಡಿಲ್ಯಾ?”

ಜಲಜ ಮಗುವನ್ನು ಎತ್ತಿಕೊಂಡು ನೇರ ಶ್ರೀಲತಾಳ ಮನೆಗೆ ನಡೆದಳು. ಶ್ರೀಲತಾ ವರದಿ ಬರೆಯುತ್ತ ಕುಳಿತಿದ್ದಳು. ಪರೀಕ್ಷೆಗೆ ಬಂದ ಅರವತ್ತು ಜನರಲ್ಲಿ ಕಿವಿ ಮಂದವಾದವರು ನಾಲ್ಕೇ ಮಂದಿ. ಇಷ್ಟೇ ಜನ ಸಿಗುವುದಾದರೆ ಪರೀಕ್ಷೆಯ ಯಂತ್ರಕ್ಕೂ ಓಡಾಟಕ್ಕೂ ಆಗುವ ಖರ್ಚು ದಂಡ, ಬೇರೆ ಊರುಗಳಲ್ಲಿ ಪರೀಕ್ಷೆ ಬೇಡ ಎಂದು ಮೇಲಿನ ಡಾಕ್ಟರು ಹೇಳಿದ್ದರು.

“ನಾನ್ ಸುಳ್ಳ್ ಹೇಳಿದ್ದೆ ಮಗಾ,” ಎಂದಳು ಜಲಜ. “ನಿನ್ ಬೆರ್ಳ್ ಕಂಡ್ ಕೈ ಎತ್ತಿದ್ದ್. ನಂಗೆ ಕೇಂತಿಲ್ಲೆ. ಇವತ್ತ್ ಈ ಹೆಣ್ಣ್ ಹೋಯ್ತಿತ್ತ್.”

ಶ್ರೀಲತಾ ಪೆನ್ನು ಕೆಳಗಿಟ್ಟಳು. ಜಲಜಳ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದಳು: “ಬೇರೆಯವ್ರೂ ಹೀಂಗೇ ಮಾಡಿರಾ ಜಲಜಕ್ಕ?”

“ನನ್ ಮುಂಚೆ ಪರೀಕ್ಷೆಗ್ ಕೂತಿದ್ದ ಮಂಜಣ್ಣನೇ ನಂಗೆ ಹೇಳ್ಕೊಟ್ಟದ್ದ್.”

ಶ್ರೀಲತಾ ವರದಿಯನ್ನು ಕಳಿಸಲಿಲ್ಲ. ಅರವತ್ತೂ ಜನರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ನಿಂತು ಮತ್ತೆ ಪರೀಕ್ಷಿಸಿದಳು. ಈ ಸಲ ಇಪ್ಪತ್ತೊಂದು ಜನ ಸಿಕ್ಕರು. ಡಾಕ್ಟರು ಅಂಕಿಯನ್ನು ಎರಡು ಸಲ ಓದಿದರು. ಪರೀಕ್ಷೆಯನ್ನು ಇನ್ನೊಂದು ವರ್ಷ ನಡೆಸಿ, ಆದರೆ ಕೇಳಿಸಲೆಂದು ಕೊಟ್ಟ ಕಿವಿಯ ಮಿಷನ್ನನ್ನು ಎಷ್ಟು ಜನ ಹಾಕಿಕೊಳ್ಳುತ್ತಾರೆ ಎಂದೂ ಬರೆದಿಡಿ ಎಂದರು.

ಜಲಜ ಶ್ರೀಲತಾಳ ಮನೆಗೆ ಹೋಗಿ ಬಂದ ದಿನವೇ ಸೊಸೆ ನವ್ಯಶ್ರೀಗೆ ಎಲ್ಲವನ್ನೂ ಹೇಳಿದಳು. ನವ್ಯಶ್ರೀ ಮಗುವನ್ನು ಸೆಳೆದು ಅಪ್ಪಿಕೊಂಡಳು. ಆಮೇಲೆ ಅತ್ತೆಯ ಎದುರು ಕುಳಿತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: “ಕುಂದಾಪ್ರದ್ ಆಸ್ಪತ್ರೆಗೆ ನಾನೂ ಬತ್ತೆ. ಕಿವಿಗೆ ಮಿಷನ್ ಹಾಕ್ಸ್ಕಂಡ್ ಬಪ್ಪ.”